ಕ್ರಮ ಸಂಖ್ಯೆ ನಲವತ್ತೊಂದು

ಬೆಳೆ ಇಲ್ಲದ ದಿನಗಳಲ್ಲಿ ಹುಳುಮನೆಯೇ ನಮ್ಮ ತರಗತಿ.
ಗೋಡೆಗೆ ಒರಗಿದ ಚಂದ್ರಿಕೆಗಳು,
ನೆಲದಲ್ಲಿ ಇನ್ನೂ ಬಿಡದ ಸುಣ್ಣದ ಪುಡಿ,
ಕಿಟಕಿಯಾಚೆ ಶಿಡ್ಲಘಟ್ಟದ ಬಸ್ಸು ಎಬ್ಬಿಸಿ ಹೋದ ಕೆಂಧೂಳು.
ಚಾಪೆಯ ಮೇಲೆ ನನ್ನ ಹಂಸವೇಣಿ,
ಫಿಲೇಚರ್ ಮನೆಯ ಅಫ್ರೋಜ್,
ಬಾಗಿಲ ಪಕ್ಕ ಗಾಲಿಕುರ್ಚಿಯಲ್ಲಿ ನಾಗಾರ್ಜುನ:
ಹೈಸ್ಕೂಲಿಗೆ ಮೆಟ್ಟಿಲು ಏಳು, ಅಲ್ಲಿಗೆ ಅವನ ಶಾಲೆ ಮುಗಿಯಿತು.

‘ಲೆಕ್ಕ ಸರಿ, ವಿಜ್ಞಾನ ಸರಿ,
ಪೌರನೀತಿ ಯಾರಮ್ಮ ಹೇಳಿಕೊಡ್ತಾರೆ ಮನೇಲಿ?’
ಹಾಲಿನ ಡೈರಿಯಲ್ಲಿ ಕೇಳಿದರು.
ನಾನೇ, ಅಂದೆ. ಸೆರಗು ಸರಿಮಾಡಿಕೊಂಡು ಅಂದೆ.

ಹೇಳಿಕೊಟ್ಟೆ ಕೂಡ.
ಬಹುಮತ ಅಂದರೇನು, ಸರ್ವಾನುಮತ ಅಂದರೇನು.
ಮಧ್ಯಾಹ್ನ ಮುದ್ದೆಯೋ ಅನ್ನವೋ, ಕೈಯೆತ್ತಿಸಿದೆ:
ಮೂರಕ್ಕೆ ಒಂದರಿಂದ ಸೋತು ಅನ್ನ ಬಸಿದೆ.
ಮಾಹಿತಿ ಹಕ್ಕಿನ ಪಾಠ ಬಂದಾಗ
ಸುಮ್ಮನೆ ಓದುವುದೇಕೆ, ಒಂದು ಅರ್ಜಿ ಬರೆಯಿರಿ ಅಂದೆ.
ಏನು ಕೇಳೋಣ?
ನಾಗಾರ್ಜುನನಿಗೆ ಯೋಚಿಸಬೇಕಾಗಿರಲಿಲ್ಲ.
ಪಂಚಾಯ್ತಿ ಗ್ರಂಥಾಲಯಕ್ಕೆ ಇಳಿಜಾರು ಹಾದಿ ಯಾಕಿಲ್ಲ,
ಗ್ರಾಮಸಭೆಯಲ್ಲಿ ಆ ಮಾತು ಬಂದಿತ್ತೇ,
ಬಂದಿದ್ದರೆ ನಡಾವಳಿಯ ನಕಲು ಕೊಡಿ.
ನೂರೈವತ್ತು ಪದ ದಾಟಬಾರದು;
ಅಫ್ರೋಜ್ ಎರಡು ಸಲ ಎಣಿಸಿದ,
‘ದಯವಿಟ್ಟು’ ಒಂದು ಹೊಡೆದುಹಾಕಿದ.
ಹತ್ತು ರೂಪಾಯಿಯ ಪೋಸ್ಟಲ್ ಆರ್ಡರಿಗೆ
ಪೋಸ್ಟ್ ಮಾಸ್ಟರು ಮೂವರನ್ನೂ ಕನ್ನಡಕದ ಮೇಲಿಂದ ನೋಡಿದರು.

ಇಪ್ಪತ್ತೊಂಬತ್ತನೇ ದಿನ ಲಕೋಟೆ ಬಂತು.
ಅಷ್ಟರಲ್ಲಿ ಹುಳು ಮೂರನೇ ಜ್ವರದಲ್ಲಿದ್ದವು,
ಸೊಪ್ಪು ಮುಟ್ಟದೆ ತಲೆಯೆತ್ತಿ ನಿಂತಿದ್ದವು.
ಜಗಲಿಯ ಮೇಲೆ ಕೂತು ಜೋರಾಗಿ ಓದಿದ ನಾಗಾರ್ಜುನ:
‘ಇಳಿಜಾರು ಹಾದಿ ಸದ್ಯಕ್ಕೆ ಅಗತ್ಯವಿಲ್ಲವೆಂದು
ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು.’
ಹಾಜರಿದ್ದವರು ನೂರಾ ನಾಲ್ಕು.
ಹಾಳೆ ತಿರುಗಿಸಿದ. ಮತ್ತೊಂದು ತಿರುಗಿಸಿದ.
ಆಮೇಲೆ ಓದಲಿಲ್ಲ.
ಹಾಳೆಯನ್ನು ಹಂಸವೇಣಿಯ ಕೈಗೆ ಕೊಟ್ಟ.

ಕ್ರಮ ಸಂಖ್ಯೆ ನಲವತ್ತೊಂದು.
ಬಾಲ ಸುತ್ತಿದ ಆ ‘ಳ’ ಈ ಊರಲ್ಲಿ ಇನ್ನಾರೂ ಬರೆಯುವುದಿಲ್ಲ.

ನೆನಪಾಯಿತು. ವಾಟರ್‌ಮ್ಯಾನ್ ಚಿಕ್ಕಮುನಿಯಪ್ಪ,
ಕಂಕುಳಲ್ಲಿ ಪುಸ್ತಕ, ಕಿವಿಯಲ್ಲಿ ಪೆನ್ನು.
‘ಒಂದ್ ಸೈನಾಕಮ್ಮ, ಸುಮ್ಕೆ ಲೆಕ್ಕಕ್ಕೆ.’
ಪಾತ್ರೆ ತೊಳೆಯುತ್ತಿದ್ದೆ. ಕೈ ಒರೆಸಿಕೊಂಡೆ. ಹಾಕಿದೆ.
ಅವನು ಪಾಪ ಬಿಸಿಲಲ್ಲಿ ಬಂದಿದ್ದ,
ಮಜ್ಜಿಗೆ ಕೂಡ ಕೊಟ್ಟೆ.

ಹಂಸವೇಣಿ ಒಳಗೆ ಹೋಗಿ ತನ್ನ ನೋಟ್‌ಬುಕ್ ತಂದಳು.
ಅದೇ ತಾರೀಖು. ಮೇಲೆ ದುಂಡಗೆ ಶೀರ್ಷಿಕೆ:
‘ಗ್ರಾಮಸಭೆ, ಪ್ರಜಾಪ್ರಭುತ್ವದ ತಾಯಿಬೇರು.’
ಕೆಳಗೆ ಕೆಂಪು ಶಾಯಿಯಲ್ಲಿ ನನ್ನದೇ ಸರಿಗುರುತು.
ಎರಡನ್ನೂ ಅಕ್ಕಪಕ್ಕ ಇಟ್ಟಳು.
ಏನೂ ಅನ್ನಲಿಲ್ಲ.
ಅಂದಿದ್ದರೆ ಉತ್ತರ ಇತ್ತು ನನ್ನ ಹತ್ತಿರ,
ಎಲ್ಲರೂ ಹಾಕ್ತಾರೆ ಅನ್ನುವಂಥದ್ದು.

‘ಅಕ್ಕಾ,’ ನಾಗಾರ್ಜುನನೇ ಕೊನೆಗೆ ಮಾತಾಡಿದ,
‘ನಾನು ಆವತ್ತು ಇಲ್ಲೇ ಇದ್ದೆ, ಪಾಠಕ್ಕೆ.
ನನ್ನನ್ನು ಕೇಳಿದ್ದರೆ ಒಂದು ಮತ ಕಮ್ಮಿಯಾಗೋದು.’
ಹದಿನಾರು ವರ್ಷ. ಮತ ಇಲ್ಲ ಅವನಿಗೆ.
ತಿದ್ದಬೇಕಾದ ಮೇಷ್ಟ್ರು ನಾನು. ತಿದ್ದಲಿಲ್ಲ.

ಎರಡನೇ ಅರ್ಜಿ ಅವರೇ ಬರೆದರು,
ನನಗೆ ತೋರಿಸದೆ.
ಇಂಥ ತಾರೀಖು ಸಭೆ ನಡೆದ ಜಾಗ ಯಾವುದು,
ಕ್ರಮ ಸಂಖ್ಯೆ ನಲವತ್ತೊಂದರವರು ಎಲ್ಲಿ ಕೂತಿದ್ದರು.
ಅಂಚೆಗೆ ಹಾಕುವ ಮುಂಚೆ ಹತ್ತು ರೂಪಾಯಿ ಕೇಳಿದರು ಮಾತ್ರ.
ಕೊಟ್ಟೆ.

ಮೊನ್ನೆ ಚಿಕ್ಕಮುನಿಯಪ್ಪ ಮತ್ತೆ ಬಂದ.
ಕಂಕುಳಲ್ಲಿ ಅದೇ ಪುಸ್ತಕ, ಬೆವರು.
ಒಳಗೆ ಹುಳು ಹಣ್ಣಾಗಿ ಚಂದ್ರಿಕೆ ಹತ್ತುತ್ತಿದ್ದವು,
ಮೂವರೂ ಹುಳು ಆಯುವ ಕೈ ನಿಲ್ಲಿಸಿದರು.
ಬಾಪ್ಪಾ, ಕೂತ್ಕೋ, ಅಂದೆ,
ಮಜ್ಜಿಗೆ ಇದೆ.
ಪೆನ್ನು ಕಿವಿಯಲ್ಲೇ ಇರಲಿ.
ಸಭೆ ಎಷ್ಟು ಗಂಟೆಗೆ, ಹೇಳು.